ಓಟದಿಂದ ನಿವೃತ್ತವಾದ ಗ್ರೇಹೌಂಡನ್ನು ಮನೆಬಾಳಿಗೆ ಒಗ್ಗಿಸುವುದು: ಫಾಸ್ಟರ್ ಮನೆಯವರಿಗೊಂದು ಕೈಪಿಡಿ

ಮೆಲ್ಬರ್ನಿನ ಸ್ಯಾಂಡೌನ್ ಪಾರ್ಕಿನಲ್ಲಿ ಎಂಟು ಗ್ರೇಹೌಂಡುಗಳು ಒಟ್ಟಿಗೆ ಪೆಟ್ಟಿಗೆಯಿಂದ ಹೊರಚಿಮ್ಮಿ, ಕಂಬಿಯ ಮೇಲೆ ಮುಂದೆ ಮುಂದೆ ಸಾಗುವ ಯಾಂತ್ರಿಕ ಆಮಿಷವನ್ನು ಬೆನ್ನಟ್ಟಿ, 515 ಮೀಟರ್ ದೂರವನ್ನು ಸುಮಾರು 30 ಸೆಕೆಂಡುಗಳಲ್ಲಿ ಮುಗಿಸುತ್ತವೆ. ಈ ಕೆಲಸ ಬಹುಪಾಲು ನಾಯಿಗಳಿಗೆ ಎರಡರಿಂದ ಐದು ವರ್ಷದ ವಯಸ್ಸಿನೊಳಗೆ ಮುಗಿದುಹೋಗುತ್ತದೆ. ಗ್ರೇಹೌಂಡಿನ ಆಯುಷ್ಯ ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾಲ್ಕು ವರ್ಷ. ಅಂದರೆ ಅದರ ಬದುಕಿನ ದೊಡ್ಡ ಭಾಗ ಇನ್ನೂ ಮುಂದಿದೆ, ಆದರೆ ಆ ಭಾಗಕ್ಕೆ ಬೇಕಾದ ಯಾವ ತಿಳಿವಳಿಕೆಯೂ ಅದಕ್ಕೆ ಸಿಕ್ಕಿರುವುದಿಲ್ಲ. ಓಟದ ನಾಯಿಗಳನ್ನು ಸಾಕುವ ಜಾಗವಾದ ಕೆನಲ್ಲಿನಿಂದ ಶಾಶ್ವತ ಮನೆಗೆ ಹೋಗುವ ನಡುವಿನ ಕೆಲವು ವಾರಗಳ ಕಾಲ ಅದನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡು, ಮನೆ ಎಂದರೇನು ಎಂಬುದನ್ನು ಕಲಿಸುವವರೇ ಫಾಸ್ಟರ್ ಕುಟುಂಬದವರು.

ವಿಕ್ಟೋರಿಯಾ ರಾಜ್ಯದಲ್ಲಿ ಓಟದ ಆಡಳಿತ ಸಂಸ್ಥೆಯಾದ ಗ್ರೇಹೌಂಡ್ ರೇಸಿಂಗ್ ವಿಕ್ಟೋರಿಯಾ 'ಗ್ಯಾಪ್' ಎಂದು ಕರೆಯಲಾಗುವ ಗ್ರೇಹೌಂಡ್ ಅಡಾಪ್ಷನ್ ಪ್ರೋಗ್ರಾಮನ್ನು ನಡೆಸುತ್ತದೆ. ಅದಲ್ಲದೆ ಸ್ವಯಂಸೇವಕರೇ ಕಟ್ಟಿಕೊಂಡ ಸ್ವತಂತ್ರ ಗುಂಪುಗಳೂ ಇವೆ. ಓಟವನ್ನೇ ನಿಲ್ಲಿಸುವ ದಿಕ್ಕಿನಲ್ಲೂ ಕೆಲವು ಸರ್ಕಾರಗಳು ಹೆಜ್ಜೆಯಿಟ್ಟಿವೆ: ಆಸ್ಟ್ರೇಲಿಯಾದ ರಾಜಧಾನಿ ಪ್ರದೇಶ 2018ರಲ್ಲಿ ಇದನ್ನು ನಿಷೇಧಿಸಿತು, ನ್ಯೂಜಿಲೆಂಡ್ ಸರ್ಕಾರ 2024ರ ಡಿಸೆಂಬರಿನಲ್ಲಿ ಓಟಕ್ಕೆ ಕೊನೆ ಹಾಡುವ ನಿರ್ಧಾರವನ್ನು ಪ್ರಕಟಿಸಿತು. ಓಟದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಓಡಿ ಮುಗಿಸಿದ ನಾಯಿಗಳಿಗೆ ಮನೆ ಬೇಕು, ಮನೆಗೆ ಮೊದಲು ಫಾಸ್ಟರ್ ಬೇಕು. ಇಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳೂ ಈ ಕೆಲಸವನ್ನು ಚೆನ್ನಾಗಿ ಮಾಡಬಹುದು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ. ಮುಧೋಳದ ಬೇಟೆನಾಯಿಯನ್ನು ಕಂಡವರಿಗೆ ಈ ನಾಯಿಯ ಮೈಕಟ್ಟು ಅಪರಿಚಿತವಲ್ಲ. ಎರಡೂ ಮೂಗಿಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿಯವು.

ಫಾಸ್ಟರ್ ಮಾಡುವವರ ಕೆಲಸ ಎರಡು. ಒಂದು, ನಾಯಿಗೆ ಮನೆಯನ್ನು ಪರಿಚಯಿಸುವುದು. ಇನ್ನೊಂದು, ಆ ನಾಯಿ ಯಾವುದಕ್ಕೆ ಹೆದರುತ್ತದೆ, ಯಾವುದನ್ನು ಇಷ್ಟಪಡುತ್ತದೆ, ಎಂಥ ಮನೆಗೆ ಅದು ಹೊಂದುತ್ತದೆ ಎಂಬುದನ್ನು ಗಮನಿಸಿ, ಕಂಡದ್ದನ್ನು ಕಂಡ ಹಾಗೆ ಬರೆದುಕೊಡುವುದು. ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಮುಖ್ಯ, ಏಕೆಂದರೆ ಕೆನಲ್ಲಿನ ಸಿಬ್ಬಂದಿಗೆ ಕಾಣದ ನಾಯಿ ನಿಮ್ಮ ಮನೆಯ ನಡುಕೋಣೆಯಲ್ಲಿ ಮಾತ್ರ ಕಾಣಿಸುತ್ತದೆ.

ನಾಯಿ ಬರುವ ಮೊದಲು

ಬಾಡಿಗೆ ಮನೆಯಲ್ಲಿರುವವರು ಮೊದಲು ಮಾಲೀಕರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಬೇಕು. ವಿಕ್ಟೋರಿಯಾದಲ್ಲಿ 2020ರ ಮಾರ್ಚಿನಿಂದ ಜಾರಿಯಲ್ಲಿರುವ ನಿಯಮದಂತೆ ಬಾಡಿಗೆದಾರರು ನಿಗದಿತ ನಮೂನೆಯಲ್ಲಿ ಅರ್ಜಿ ಕೊಟ್ಟಾಗ, ನಿರಾಕರಿಸಬೇಕೆಂದಿರುವ ಮಾಲೀಕರು 14 ದಿನಗಳೊಳಗೆ ನ್ಯಾಯಮಂಡಳಿಗೆ ಹೋಗಬೇಕಾಗುತ್ತದೆ. ಸುಮ್ಮನೆ 'ಆಗುವುದಿಲ್ಲ' ಎಂದರೆ ಸಾಲದು. ಹಾಗಾಗಿ ಬಾಡಿಗೆ ಮನೆ ಎಂಬ ಒಂದೇ ಕಾರಣಕ್ಕೆ ಹಿಂಜರಿಯಬೇಕಿಲ್ಲ.

ಹಿತ್ತಲಿನ ಬೇಲಿಯನ್ನು ಸುತ್ತು ಹಾಕಿ ನೋಡಿ. ಗ್ರೇಹೌಂಡುಗಳಲ್ಲಿ ಹೆಚ್ಚಿನವು ಬೇಲಿ ಹಾರುವುದಿಲ್ಲ, ಆದರೆ ಸಡಿಲವಾದ ಹಲಗೆಯನ್ನೂ ಅರೆತೆರೆದ ಗೇಟನ್ನೂ ಅವು ಬಲುಬೇಗ ಕಂಡುಹಿಡಿಯುತ್ತವೆ. ಕೊರಿಯರ್‌ನವರು ಬಂದು ಹೋಗುವ ಗೇಟಿಗೆ ಚಿಲಕದ ಜೊತೆ ಬೀಗವೂ ಇರಲಿ. ಈಜುಕೊಳವಿದ್ದರೆ ಅದರ ಸುತ್ತ ಬೇಲಿ ಭದ್ರವಾಗಿರಬೇಕು. ಮೈಯಲ್ಲಿ ಕೊಬ್ಬು ಬಹಳ ಕಡಿಮೆಯಿರುವುದರಿಂದ ಈ ನಾಯಿಗಳು ನೀರಿನಲ್ಲಿ ತೇಲುವುದು ಕಷ್ಟ.

ಮನೆಯೊಳಗಿನ ನೆಲದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ಕಾಂಕ್ರೀಟು, ಮರಳು ಮತ್ತು ಹುಲ್ಲಿನ ಮೇಲೆ ಬೆಳೆದ ನಾಯಿ ಪಾಲಿಶ್ ಮಾಡಿದ ಟೈಲ್ಸ್‌ನ ಮೇಲೆ ಮೊದಲ ಬಾರಿ ಕಾಲಿಟ್ಟಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಅದು ಮುಂಗಾಲುಗಳನ್ನು ಅಗಲಿಸಿ, ಉಗುರುಗಳನ್ನು ನೆಲಕ್ಕೆ ಒತ್ತಿ ಹಿಡಿತ ಹುಡುಕುತ್ತದೆ. ಉಗುರು ಒತ್ತಿದಷ್ಟೂ ಪಾದದ ಮೆತ್ತೆ ನೆಲ ಬಿಟ್ಟು ಮೇಲೇಳುತ್ತದೆ, ಮೆತ್ತೆ ಎದ್ದಷ್ಟೂ ಜಾರುತ್ತದೆ. ಹಿಂಗಾಲುಗಳು ನಡುಗತೊಡಗುತ್ತವೆ. ಒಮ್ಮೆ ಜಾರಿ ಬಿದ್ದ ನಾಯಿ ಆ ಕೋಣೆಗೆ ವಾರಗಟ್ಟಲೆ ಕಾಲಿಡದೆ ಹೋಗಬಹುದು. ಆದುದರಿಂದ ಬಾಗಿಲಿನಿಂದ ಹಾಸಿಗೆಗೆ, ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲಿನ ಬಾಗಿಲಿಗೆ ರಬ್ಬರಿನ ತಳವಿರುವ ಮ್ಯಾಟುಗಳನ್ನು ಒಂದರ ಪಕ್ಕ ಒಂದು ಹಾಸಿ ದಾರಿ ಮಾಡಿಕೊಡಿ. ಧೈರ್ಯ ಬಂದ ಹಾಗೆಲ್ಲ ಒಂದೊಂದೇ ಮ್ಯಾಟನ್ನು ತೆಗೆಯಬಹುದು.

ಜಾರುವ ಗಾಜಿನ ಬಾಗಿಲಿಗೆ ನಾಯಿಯ ಕಣ್ಣಿನ ಮಟ್ಟದಲ್ಲಿ ಬಣ್ಣದ ಟೇಪನ್ನು ಅಡ್ಡಲಾಗಿ ಅಂಟಿಸಿ. ಗಾಜು ಎಂಬುದು ಅದಕ್ಕೆ ಗೊತ್ತಿಲ್ಲ, ಹೊರಗೆ ಹಕ್ಕಿ ಕಂಡರೆ ನೇರವಾಗಿ ನುಗ್ಗಿ ಢಿಕ್ಕಿ ಹೊಡೆಯಬಹುದು. ಹಾಸಿಗೆ ದಪ್ಪವಾಗಿರಲಿ, ಏಕೆಂದರೆ ಎಲುಬಿನ ಮೇಲೆ ಮಾಂಸಖಂಡ ಬಿಟ್ಟರೆ ಮೆತ್ತಗಿನದೇನೂ ಇಲ್ಲದ ಈ ಮೈಗೆ ತೆಳು ಚಾಪೆ ಸಾಲುವುದಿಲ್ಲ. ಅದನ್ನು ಮನೆಯವರು ಓಡಾಡುವ ದಾರಿಗೆ ಅಡ್ಡವಾಗದ, ಆದರೆ ಎಲ್ಲರೂ ಕಣ್ಣಿಗೆ ಬೀಳುವ ಮೂಲೆಯಲ್ಲಿ ಹಾಕಬೇಕು.

ಮೊದಲ ಕೆಲವು ದಿನಗಳು

ಕಾರಿನಿಂದ ಇಳಿಸಿದ ಕೂಡಲೇ ಮನೆಯೊಳಗೆ ಕರೆತರಬೇಡಿ. ಲೀಷ್ (ಕೊರಳಪಟ್ಟಿಗೆ ಕಟ್ಟುವ ಹಗ್ಗ) ಹಿಡಿದು ಹಿತ್ತಲಿಗೆ ಕರೆದೊಯ್ದು, ಅದು ಮೂತ್ರ ಮಾಡುವ ತನಕ ಕಾದು, ಮಾಡಿದ ತಕ್ಷಣ ಮೃದುವಾಗಿ ಹೊಗಳಿ ತಿನಿಸು ಕೊಡಿ. ಕೆನಲ್ಲಿನಲ್ಲಿ ನಾಯಿಗಳನ್ನು ದಿನಕ್ಕೆ ಹಲವು ಬಾರಿ ಗೊತ್ತಾದ ಸಮಯಕ್ಕೆ ಹೊರಗೆ ಬಿಡುವ ಪದ್ಧತಿಯಿದೆ. ಕಾಯುವುದು ಅವಕ್ಕೆ ಅಭ್ಯಾಸವಾಗಿದೆ, ಕೇಳುವುದು ಅಭ್ಯಾಸವಿಲ್ಲ. ಬಾಗಿಲ ಬಳಿ ನಿಂತು ಬೊಗಳಿ ತಿಳಿಸುತ್ತದೆ ಎಂದು ನಿರೀಕ್ಷಿಸದೆ, ಎದ್ದ ಕೂಡಲೇ, ಊಟವಾದ ಕೂಡಲೇ, ಮಲಗುವ ಮುನ್ನ, ನಡುವೆ ಮೂರು ನಾಲ್ಕು ಗಂಟೆಗೊಮ್ಮೆ ನೀವಾಗಿಯೇ ಕರೆದೊಯ್ಯಿರಿ. ಒಳಗೆ ಒದ್ದೆ ಮಾಡಿದರೆ ಗದರಬೇಡಿ. ಕಿಣ್ವವಿರುವ ಕ್ಲೀನರಿನಿಂದ ಒರೆಸಿ, ಮುಂದಿನ ಸಲ ಅರ್ಧ ಗಂಟೆ ಮೊದಲೇ ಹೊರಗೆ ಕರೆದೊಯ್ಯಿರಿ. ಈ ಕ್ರಮ ತಪ್ಪದಿದ್ದರೆ ಹೆಚ್ಚಿನ ನಾಯಿಗಳು ಬೇಗನೆ ಕಲಿಯುತ್ತವೆ.

ಮನೆಯೊಳಗೆ ಮೊದಲ ಸುತ್ತನ್ನು ಲೀಷಿನಲ್ಲಿಯೇ ಮಾಡಿಸಿ. ಮಿಕ್ಸಿಯ ಸದ್ದು, ಕುಕ್ಕರಿನ ಸೀಟಿ, ಟಿವಿಯೊಳಗೆ ಓಡುವ ಕುದುರೆ, ಕನ್ನಡಿಯೊಳಗಿನ ಇನ್ನೊಂದು ನಾಯಿ, ಇವೆಲ್ಲ ಅದಕ್ಕೆ ಹೊಸತು. ಕುಕ್ಕರನ್ನು ನಾಯಿ ದೂರದ ಕೋಣೆಯಲ್ಲಿದ್ದಾಗ ಇಡಲು ಆರಂಭಿಸಿ, ಸೀಟಿ ಕೂಗಿದಾಗಲೆಲ್ಲ ಒಂದು ತುಣುಕು ಕೋಳಿಮಾಂಸ ಕೊಟ್ಟರೆ ಕೆಲವೇ ದಿನಗಳಲ್ಲಿ ಆ ಸದ್ದು ಭಯದ ಬದಲು ತಿನಿಸಿನ ಗುರುತಾಗುತ್ತದೆ.

ಈ ದಿನಗಳಲ್ಲಿ ನೆಂಟರಿಷ್ಟರನ್ನು ಕರೆಯದಿರುವುದು ಒಳ್ಳೆಯದು. ನಾಯಿ ಬಂದಿದೆ ಎಂದು ಕೇಳಿ ನೋಡಲು ಬರುವವರು ಪ್ರೀತಿಯಿಂದಲೇ ಬರುತ್ತಾರೆ, ಆದರೂ ಎರಡು ವಾರ ಬಿಟ್ಟು ಬನ್ನಿ ಎಂದು ಹೇಳಲು ಸಂಕೋಚಪಡಬಾರದು. ನಾಯಿ ಊಟ ಬಿಡಬಹುದು, ಏದುಸಿರು ಬಿಡಬಹುದು, ಮಲ ತೆಳ್ಳಗಾಗಬಹುದು, ದಿನವಿಡೀ ಮಲಗಿಯೇ ಇರಬಹುದು. ವಯಸ್ಕ ಗ್ರೇಹೌಂಡು ದಿನದ ಬಹುಪಾಲು ಹೊತ್ತು ಮಲಗಿಯೇ ಕಳೆಯುವ ಪ್ರಾಣಿ, ಆದುದರಿಂದ ನಿದ್ದೆಯೊಂದನ್ನೇ ಕಾಯಿಲೆಯ ಲಕ್ಷಣವೆಂದು ಭಾವಿಸಬೇಕಿಲ್ಲ. ಎರಡು ದಿನಕ್ಕೂ ಮೀರಿ ಏನನ್ನೂ ತಿನ್ನದಿದ್ದರೆ, ವಾಂತಿಯಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಸಂಸ್ಥೆಯ ಸಂಯೋಜಕರಿಗೆ ಫೋನ್ ಮಾಡಿ.

ಮಲಗಿದ ನಾಯಿಯನ್ನು ಮುಟ್ಟದಿರುವುದು

ಕೈಪಿಡಿಯ ಉಳಿದೆಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬಾರದು. ಕೆನಲ್ಲಿನಲ್ಲಿ ಪ್ರತಿ ನಾಯಿಗೂ ತನ್ನದೇ ಗೂಡು ಇರುತ್ತದೆ. ನಿದ್ದೆಯಲ್ಲಿರುವಾಗ ಯಾರೂ ಹತ್ತಿರ ಸುಳಿಯುವುದಿಲ್ಲ, ಮೇಲೆ ಕೈಯಿಡುವುದಿಲ್ಲ. ಅಂಥ ನಾಯಿಯನ್ನು ನಿದ್ದೆಯಲ್ಲಿ ಹಠಾತ್ತನೆ ಮುಟ್ಟಿದರೆ ಅದು ಎಚ್ಚರಗೊಳ್ಳುವ ಮೊದಲೇ ಗುರ್‍ರೆಂದು ತಿರುಗಿ ಬಾಯಿ ಹಾಕಬಹುದು. ಇದರಲ್ಲಿ ದುರುದ್ದೇಶ ಇಲ್ಲ, ಆದರೆ ಮಗುವಿನ ಮುಖ ಅಷ್ಟು ಹತ್ತಿರದಲ್ಲಿದ್ದರೆ ಉದ್ದೇಶ ಯಾವುದಾದರೇನು? ಕಣ್ಣು ತೆರೆದಿದೆ ಎಂಬುದನ್ನೂ ನಂಬಬೇಡಿ, ಏಕೆಂದರೆ ಗ್ರೇಹೌಂಡುಗಳು ಎಷ್ಟೋ ಬಾರಿ ಕಣ್ಣು ಅರೆತೆರೆದೇ ನಿದ್ರಿಸುತ್ತವೆ.

ಎಬ್ಬಿಸಬೇಕಾದರೆ ನಾಲ್ಕು ಹೆಜ್ಜೆ ದೂರ ನಿಂತು ಹೆಸರು ಹಿಡಿದು ಕರೆಯಿರಿ. ತಲೆಯೆತ್ತಿ ನಿಮ್ಮನ್ನು ನೋಡಿದ ಮೇಲೆ ಅದಾಗಿಯೇ ಎದ್ದು ಬರಲಿ. ನಾಯಿಯ ಹಾಸಿಗೆಗೆ ಮಕ್ಕಳು ಕಾಲಿಡಬಾರದು ಎಂಬ ನಿಯಮವನ್ನು ನಾಯಿ ಬರುವ ಮೊದಲೇ ಮನೆಯಲ್ಲಿ ಹೇಳಿ ರೂಢಿ ಮಾಡಿಸಿ. ಊರಿನಿಂದ ಬಂದು ಕೆಲವು ತಿಂಗಳು ಇರುವ ಅಜ್ಜ ಅಜ್ಜಿಯರಿಗೂ ಇದನ್ನು ಬಿಡಿಸಿ ಹೇಳಬೇಕು. ರಾತ್ರಿ ಎದ್ದು ಓಡಾಡುವವರಿದ್ದರೆ ದಾರಿಯಲ್ಲಿ ಸಣ್ಣ ದೀಪವೊಂದು ಉರಿಯುತ್ತಿರಲಿ, ಕತ್ತಲೆಯಲ್ಲಿ ನಾಯಿಯನ್ನು ಎಡವುವ ಸಂದರ್ಭ ಬರಬಾರದು. ಸೋಫಾ ಅಥವಾ ನಿಮ್ಮ ಹಾಸಿಗೆಯ ಮೇಲೆ ಮಲಗಿಸಿಕೊಳ್ಳುವುದನ್ನು ಫಾಸ್ಟರ್ ಅವಧಿಯಲ್ಲಿ ಬೇಡವೆಂದೇ ಹೇಳುತ್ತೇನೆ. ಮುಂದೆ ದತ್ತು ತೆಗೆದುಕೊಳ್ಳುವವರು ನಾಯಿಯ ಸ್ವಭಾವ ತಿಳಿದ ಮೇಲೆ ಬೇಕಿದ್ದರೆ ಕಲಿಸಿಕೊಳ್ಳಲಿ.

ಒಂಟಿಯಾಗಿರುವುದನ್ನು ಕಲಿಸುವುದು

ಹುಟ್ಟಿದಂದಿನಿಂದ ಒಡಹುಟ್ಟಿದ ಮರಿಗಳ ಜೊತೆ, ಆಮೇಲೆ ಹತ್ತಾರು ನಾಯಿಗಳ ಉಸಿರು ಕೇಳುವ ಕೆನಲ್ಲಿನಲ್ಲಿ ಬೆಳೆದ ಗ್ರೇಹೌಂಡು ನಿಜವಾದ ಒಂಟಿತನವನ್ನು ಅನುಭವಿಸುವುದು ನೀವು ಬಾಗಿಲು ಹಾಕಿಕೊಂಡು ಹೊರಗೆ ಹೋದ ಮೊದಲ ದಿನವೇ. ಹಲವು ನಾಯಿಗಳು ದತ್ತು ಹೋದ ಮನೆಯಿಂದ ಹಿಂದಕ್ಕೆ ಬರುವುದು ಈ ಒಂದು ಕಾರಣದಿಂದ. ಹೀಗಾಗಿ ರಜೆ ಹಾಕಿ ಮೊದಲ ವಾರವಿಡೀ ಜೊತೆಗೇ ಕುಳಿತಿದ್ದು, ಸೋಮವಾರ ಬೆಳಗ್ಗೆ ಎಂಟು ಗಂಟೆಗಳ ಕಾಲ ಬಿಟ್ಟು ಹೋಗುವುದು ನಾಯಿಗೆ ಮಾಡುವ ಅನ್ಯಾಯ.

ಮೊದಲ ದಿನದಿಂದಲೇ ತುಣುಕು ತುಣುಕಾಗಿ ಅಭ್ಯಾಸ ಮಾಡಿಸಿ. ಕೋಣೆಯ ಬಾಗಿಲಿಗೆ ಮಕ್ಕಳ ಗೇಟು ಹಾಕಿ, ನೆಕ್ಕಲು ಏನಾದರೂ ಕೊಟ್ಟು, ಪಕ್ಕದ ಕೋಣೆಗೆ ಹೋಗಿ ಅರ್ಧ ನಿಮಿಷದಲ್ಲಿ ಮರಳಿ ಬನ್ನಿ. ಬರುವಾಗ ಸಂಭ್ರಮ ಬೇಡ, ಹೋಗುವಾಗ ಮುದ್ದು ಬೇಡ. ಸಮಯವನ್ನು ನಿಧಾನವಾಗಿ ಏರಿಸುತ್ತ, ನಡುನಡುವೆ ತೀರಾ ಚಿಕ್ಕ ಅವಧಿಗಳನ್ನೂ ಸೇರಿಸಿ, ನೀವು ಎಷ್ಟು ಹೊತ್ತು ಇರುವುದಿಲ್ಲ ಎಂಬುದನ್ನು ನಾಯಿ ಊಹಿಸದ ಹಾಗೆ ನೋಡಿಕೊಳ್ಳಿ. ಕೀಲಿಕೈಯನ್ನು ಎತ್ತಿಕೊಂಡು ಹೊರಗೆ ಹೋಗದೆ ಕುಳಿತುಬಿಡುವುದೂ ಅಭ್ಯಾಸದ ಭಾಗವಾಗಲಿ. ಹಳೆಯ ಫೋನೊಂದನ್ನು ಕ್ಯಾಮೆರಾ ಮಾಡಿಟ್ಟು ನೋಡಿದರೆ ಎಲ್ಲವೂ ತಿಳಿಯುತ್ತದೆ: ಐದು ನಿಮಿಷ ಕುಂಯ್‌ಗುಟ್ಟಿ ಮಲಗಿದರೆ ಚಿಂತೆಯಿಲ್ಲ, ಜೊಲ್ಲು ಸುರಿಸುತ್ತ, ಬಾಗಿಲು ಕೆರೆಯುತ್ತ, ಊಳಿಡುತ್ತ ಇದ್ದರೆ ನೀವು ಏರಿಸಿದ ಸಮಯ ಹೆಚ್ಚಾಯಿತು, ಹಿಂದಿನ ಮಟ್ಟಕ್ಕೆ ಇಳಿಯಬೇಕು. ಮನೆಯಲ್ಲಿ ಇನ್ನೊಂದು ನಾಯಿ ಇರುವವರು ಫಾಸ್ಟರ್ ನಾಯಿಯನ್ನು ದಿನಕ್ಕೊಮ್ಮೆಯಾದರೂ ಬೇರೆಯಾಗಿ ಇರಿಸಿ ನೋಡಬೇಕು, ಏಕೆಂದರೆ ಅದು ಹೋಗುವ ಮನೆಯಲ್ಲಿ ಜೊತೆಗಾರ ಇರದಿರಬಹುದು.

ನಡಿಗೆ, ಮೆಟ್ಟಿಲು, ಲೀಷ್

ಗ್ರೇಹೌಂಡಿನ ಕುತ್ತಿಗೆ ತಲೆಗಿಂತ ದಪ್ಪ. ಸಾಮಾನ್ಯ ಕೊರಳಪಟ್ಟಿಯಿಂದ ಅದು ಹಿಂದಕ್ಕೆ ಸರಿದು ಕ್ಷಣದಲ್ಲಿ ತಲೆ ಬಿಡಿಸಿಕೊಳ್ಳಬಲ್ಲದು. ಎಳೆದಾಗ ಹದವಾಗಿ ಬಿಗಿಯಾಗುವ, ಅಗಲವಾದ ಮಾರ್ಟಿಂಗೇಲ್ ಪಟ್ಟಿಯನ್ನು ಕಿವಿಯ ಹಿಂಭಾಗಕ್ಕೆ ಹತ್ತಿರವಾಗಿ ಹಾಕಬೇಕು. ಸುರುಳಿ ಬಿಚ್ಚಿಕೊಳ್ಳುವ ಉದ್ದನೆಯ ಲೀಷನ್ನು ಮನೆಗೇ ತರಬೇಡಿ: ಕೆಲವೇ ನೆಗೆತಗಳಲ್ಲಿ ಗಂಟೆಗೆ 60 ಕಿಲೋಮೀಟರಿನ ವೇಗ ಮುಟ್ಟುವ ಪ್ರಾಣಿ ಆ ದಾರದ ಕೊನೆಗೆ ಬಂದು ನಿಂತಾಗ ಅದರ ಕುತ್ತಿಗೆಯೂ ನಿಮ್ಮ ಭುಜವೂ ಉಳಿಯುವುದು ಕಷ್ಟ. ವಿಕ್ಟೋರಿಯಾದಲ್ಲಿ 2019ರ ಜನವರಿ 1ರಿಂದ ಸಾಕುನಾಯಿಯಾದ ಗ್ರೇಹೌಂಡಿಗೆ ಸಾರ್ವಜನಿಕ ಸ್ಥಳದಲ್ಲಿ ಬಾಯಿಕುಕ್ಕೆ ಕಡ್ಡಾಯವಲ್ಲ, ಆದರೆ ಲೀಷ್ ಕಡ್ಡಾಯ. ಇನ್ನೂ ದತ್ತು ಹೋಗದ ಫಾಸ್ಟರ್ ನಾಯಿಗೆ ಕುಕ್ಕೆಯ ವಿಷಯದಲ್ಲಿ ಸಂಸ್ಥೆ ಹೇಳಿದಂತೆಯೇ ನಡೆಯಬೇಕು. ಕುಕ್ಕೆ ಹಾಕುವುದು ನಾಯಿಗೆ ಅವಮಾನವೆಂದು ಮರುಗಬೇಕಿಲ್ಲ. ಅದಕ್ಕೆ ಚಿಕ್ಕಂದಿನಿಂದ ಅಭ್ಯಾಸವಿದೆ, ಅದನ್ನು ಹಾಕಿಕೊಂಡೇ ನೀರು ಕುಡಿಯುತ್ತದೆ.

ನಡೆಯುತ್ತ ನಡೆಯುತ್ತ ನಾಯಿ ಇದ್ದಕ್ಕಿದ್ದಂತೆ ನಾಲ್ಕೂ ಕಾಲು ಊರಿ ನಿಂತುಬಿಡುವುದುಂಟು. ಟ್ರಾಮ್, ಕಸದ ಲಾರಿ, ಗಾಳಿಗೆ ಬಡಿದುಕೊಳ್ಳುವ ಪ್ಲಾಸ್ಟಿಕ್, ಕಾರಣ ಯಾವುದೂ ಆಗಿರಬಹುದು. ಎಳೆದರೆ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಲೀಷನ್ನು ಸಡಿಲ ಬಿಟ್ಟು, ಅದರ ಪಕ್ಕಕ್ಕೆ ಬಂದು ಅದು ನೋಡುತ್ತಿರುವ ಕಡೆಗೇ ಮುಖ ಮಾಡಿ ಸುಮ್ಮನೆ ನಿಲ್ಲಿ. ಕಿವಿ ಸಡಿಲವಾಗಿ ತಲೆ ತಗ್ಗಿದ ಮೇಲೆ ನೇರವಾಗಿ ಮುಂದಕ್ಕೆ ಹೋಗದೆ ಅರ್ಧವೃತ್ತದಲ್ಲಿ ತಿರುಗಿಸಿಕೊಂಡು ನಡೆಯಿರಿ. ಮೊದಲ ವಾರ ಒಂದೇ ಬೀದಿ, ಒಂದೇ ಸಮಯ, ಹತ್ತು ಹದಿನೈದು ನಿಮಿಷ ಸಾಕು. ಈ ನಾಯಿಗೆ ಗಂಟೆಗಟ್ಟಲೆ ಓಟ ಬೇಕು ಎಂಬುದು ಜನಪ್ರಿಯವಾದ ತಪ್ಪು ಕಲ್ಪನೆ. ದಿನಕ್ಕೆ ಎರಡು ಸಾಧಾರಣ ನಡಿಗೆಯಲ್ಲಿ ಅದು ತೃಪ್ತಿಪಡುತ್ತದೆ.

ಮೆಟ್ಟಿಲು ಹತ್ತಿಸುವಾಗ ಇಬ್ಬರು ಬೇಕು. ಒಬ್ಬರು ಪಕ್ಕದಲ್ಲಿ ಪಟ್ಟಿ ಹಿಡಿದು, ಇನ್ನೊಬ್ಬರು ಹಿಂದೆ ನಿಂತು ಒಂದೊಂದೇ ಪಾದವನ್ನು ಕೈಯಿಂದ ಎತ್ತಿ ಮೇಲಿನ ಮೆಟ್ಟಿಲಿನಲ್ಲಿ ಇಡಬೇಕು. ಇಳಿಯುವುದು ಹತ್ತುವುದಕ್ಕಿಂತ ಕಠಿಣ, ಆದ್ದರಿಂದ ಇಳಿಯುವ ಪಾಠವನ್ನು ಕೆಳಗಿನ ಎರಡು ಮೆಟ್ಟಿಲುಗಳಿಂದ ಶುರುಮಾಡಿ. ಮೇಲಿನಿಂದ ಹೊರಟ ನಾಯಿ ಎಲ್ಲ ಮೆಟ್ಟಿಲುಗಳನ್ನೂ ಒಂದೇ ನೆಗೆತದಲ್ಲಿ ದಾಟಲು ನೋಡುತ್ತದೆ.

ಬಟ್ಟೆಯ ವಿಷಯದಲ್ಲಿ ಎರಡು ಮಾತು. ತೆಳ್ಳನೆಯ ಕೂದಲಿನ ಈ ನಾಯಿಗೆ ಮೆಲ್ಬರ್ನಿನ ಚಳಿಗಾಲದಲ್ಲಿ ಕೋಟು ಬೇಕು, ರಾತ್ರಿ ಬಹಳ ತಣ್ಣಗಿದ್ದರೆ ಮನೆಯೊಳಗೂ ಬೇಕು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ನಡಿಗೆ ಮುಗಿಸಿ. ಡಾಂಬರಿನ ಮೇಲೆ ನಿಮ್ಮ ಅಂಗೈಯನ್ನು ಐದು ಸೆಕೆಂಡು ಊರಲಾಗದಿದ್ದರೆ ನಾಯಿಯನ್ನೂ ನಡೆಸಬಾರದು.

ಬೆಕ್ಕು ಮತ್ತು ಪುಟ್ಟ ನಾಯಿಗಳು

ಹೆಚ್ಚಿನ ಗ್ರೇಹೌಂಡುಗಳು ತಮ್ಮ ಜಾತಿಯಲ್ಲದ ನಾಯಿಯನ್ನು ನೋಡಿಯೇ ಇರುವುದಿಲ್ಲ. ಬಿಳಿಯ ಉಣ್ಣೆಯಂಥ ಪುಟ್ಟ ನಾಯಿಯೊಂದು ಓಡಿದರೆ ಅದು ನಾಯಿಯೆಂದು ಅವಕ್ಕೆ ಹೊಳೆಯದೆ ಹೋಗಬಹುದು. ಮೊದಲ ಭೇಟಿಗಳೆಲ್ಲ ಲೀಷಿನಲ್ಲಿ, ಕುಕ್ಕೆ ಹಾಕಿ, ಇಬ್ಬರು ದೊಡ್ಡವರ ಸಮ್ಮುಖದಲ್ಲಿ ನಡೆಯಬೇಕು. ನೋಡಬೇಕಾದದ್ದು ಬಾಲವನ್ನಲ್ಲ, ಕಣ್ಣನ್ನು. ಒಮ್ಮೆ ನೋಡಿ, ಮೂಸಿ, ಕರೆದಾಗ ನಿಮ್ಮತ್ತ ತಿರುಗುವ ನಾಯಿಗೆ ಕಲಿಸಬಹುದು. ಮೈ ಕಲ್ಲಾಗಿ, ಕಿವಿ ನೆಟ್ಟಗಾಗಿ, ಕಣ್ಣು ಕದಲಿಸದೆ, ಮೂಗಿನ ಮುಂದೆ ಹಿಡಿದ ಕೋಳಿಮಾಂಸವನ್ನೂ ಲಕ್ಷಿಸದೆ ನಿಂತ ನಾಯಿಯನ್ನು ಅಲ್ಲಿಂದ ಕೂಡಲೇ ದೂರ ಕರೆದೊಯ್ದು, ಕಂಡದ್ದನ್ನು ಸಂಯೋಜಕರಿಗೆ ತಿಳಿಸಿ. ಬೆಕ್ಕಿನ ಜೊತೆ ಸುಖವಾಗಿ ಬಾಳುವ ಗ್ರೇಹೌಂಡುಗಳು ಬೇಕಾದಷ್ಟಿವೆ, ಎಂದಿಗೂ ಬಾಳಲಾರದವೂ ಇವೆ; ಎರಡನೆಯ ಬಗೆಯವನ್ನು ಬೆಕ್ಕಿನ ಮನೆಗೆ ಕಳುಹಿಸದಂತೆ ತಡೆಯುವುದೇ ನಿಮ್ಮ ವರದಿಯ ಪ್ರಯೋಜನ. ಮನೆಯೊಳಗೆ ಬೆಕ್ಕನ್ನು ಗೌರವಿಸುವ ನಾಯಿ ಹಿತ್ತಲಿನಲ್ಲಿ ಅದೇ ಬೆಕ್ಕು ಓಡಿದಾಗ ಬೆನ್ನಟ್ಟಬಹುದು ಎಂಬುದೂ ನೆನಪಿರಲಿ.

ಊಟ ಮತ್ತು ನಮ್ಮ ಅಡುಗೆಮನೆ

ಸಂಸ್ಥೆ ಕೊಟ್ಟ ಆಹಾರವನ್ನೇ ಮುಂದುವರಿಸಿ. ಬದಲಿಸಬೇಕಿದ್ದರೆ ವಾರದಿಂದ ಹತ್ತು ದಿನಗಳಲ್ಲಿ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋಗಬೇಕು. ದಿನಕ್ಕೆ ಎರಡು ಊಟ, ಊಟದ ಹಿಂದೆಮುಂದೆ ಒಂದು ಗಂಟೆ ಓಟವಿಲ್ಲ. ಹೊಟ್ಟೆ ಕೆಟ್ಟರೆ ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಅನ್ನ ಮತ್ತು ಕೋಳಿಮಾಂಸವನ್ನು ಒಂದೆರಡು ದಿನ ಕೊಡಬಹುದು.

ನಮ್ಮ ಮನೆಗಳ ಅಪಾಯಗಳು ಬೇರೆ. ಹುಳಿ, ಪಲ್ಯದೊಳಗಿನ ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಪಾಯಸ, ಕೇಸರಿಬಾತಿನ ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಚಾಕಲೇಟು, ಮಕಾಡಾಮಿಯಾ ಬೀಜ, ಕ್ಸೈಲಿಟಾಲ್ ಹಾಕಿದ ಸಕ್ಕರೆರಹಿತ ತಿಂಡಿಗಳೂ ವಿಷವೇ. ಗ್ರೇಹೌಂಡಿನ ಮೂತಿ ನೆಗೆಯದೆಯೇ ಅಡುಗೆಕಟ್ಟೆಗೆ ಎಟುಕುತ್ತದೆ. ಹಬ್ಬದ ದಿನ ಆರಲು ಇಟ್ಟ ಹೋಳಿಗೆಯ ತಟ್ಟೆ ನಿಮಿಷದಲ್ಲಿ ಖಾಲಿಯಾಗುತ್ತದೆ. ಪ್ರೀತಿಯಿಂದ ತುತ್ತು ಹಾಕುವ ಹಿರಿಯರಿಗೆ ನಾಯಿಯದೇ ಒಣ ಆಹಾರದ ನಾಲ್ಕು ಕಾಳನ್ನು ಬಟ್ಟಲಿನಲ್ಲಿ ಕೊಟ್ಟಿಟ್ಟರೆ ಇಬ್ಬರ ಮನಸ್ಸೂ ತುಂಬುತ್ತದೆ.

'ಪಾಪ, ಎಲುಬೆಲ್ಲ ಕಾಣುತ್ತಿದೆ, ಊಟ ಹಾಕುವುದಿಲ್ಲವೇ?' ಎಂದು ನೋಡಿದವರೆಲ್ಲ ಕೇಳುತ್ತಾರೆ. ಕೊನೆಯ ಎರಡು ಮೂರು ಪಕ್ಕೆಲುಬುಗಳು ತುಸು ಕಾಣುವುದೇ ಈ ಜಾತಿಯ ಆರೋಗ್ಯದ ಗುರುತು. ದುಂಡಗೆ ಮಾಡಹೊರಟರೆ ಓಡಿ ಸವೆದ ಕೀಲುಗಳ ಮೇಲೆ ಭಾರ ಬೀಳುತ್ತದೆ.

ವೈದ್ಯರ ಬಳಿ ಹೇಳಬೇಕಾದದ್ದು

ಗ್ರೇಹೌಂಡಿನ ರಕ್ತ ಇತರ ನಾಯಿಗಳ ರಕ್ತದ ಹಾಗಿಲ್ಲ. ಕೆಂಪುಕಣಗಳ ಪ್ರಮಾಣ ಹೆಚ್ಚು, ಪ್ಲೇಟ್‌ಲೆಟ್ ಕಡಿಮೆ, ಥೈರಾಯ್ಡ್ ಹಾರ್ಮೋನಿನ ಮಟ್ಟವೂ ಕಡಿಮೆ. ಇವು ಈ ಜಾತಿಗೆ ಸಹಜ. ಇದನ್ನು ಬಲ್ಲ ವೈದ್ಯರನ್ನೇ ಹುಡುಕಿ, ಇಲ್ಲವಾದರೆ ಇಲ್ಲದ ಥೈರಾಯ್ಡ್ ಕಾಯಿಲೆಗೆ ಔಷಧಿ ಆರಂಭವಾಗಬಹುದು. ಕೆಲವು ಅರಿವಳಿಕೆ ಔಷಧಿಗಳು, ವಿಶೇಷವಾಗಿ ಥಯೋಪೆಂಟಾಲ್, ಇವುಗಳ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತವೆ. ಚರ್ಮ ತೆಳುವಾದ್ದರಿಂದ ಪೊದೆಯ ಮುಳ್ಳಿಗೂ ಹರಿಯುತ್ತದೆ. ಹಲ್ಲಿನ ಮೇಲೆ ಪಾಚಿ ಕಟ್ಟಿರುವುದು ಸಾಮಾನ್ಯ. ದಿನಕ್ಕೊಮ್ಮೆ ನಾಯಿಯ ಪೇಸ್ಟಿನಿಂದ ಹಲ್ಲುಜ್ಜುವುದನ್ನು ನೀವೇ ರೂಢಿ ಮಾಡಿಸಿದರೆ ದತ್ತು ಪಡೆಯುವವರಿಗೆ ದೊಡ್ಡ ಉಪಕಾರ. ಗಟ್ಟಿ ನೆಲದಲ್ಲಿ ಕುಂಟಿ, ಹುಲ್ಲಿನ ಮೇಲೆ ಸರಿಯಾಗಿ ನಡೆಯುವ ನಾಯಿಯ ಪಾದದ ಮೆತ್ತೆಯಲ್ಲಿ ಆಣಿ (ಚರ್ಮ ಗಟ್ಟಿಯಾಗಿ ಆಗುವ ಗಂಟು) ಇದೆಯೇ ಎಂದು ನೋಡಿಸಿ.

ಬರೆದಿಡುವುದು ಮತ್ತು ಕಳುಹಿಸಿಕೊಡುವುದು

ದಿನಕ್ಕೆ ನಾಲ್ಕು ಸಾಲು ಬರೆದರೆ ಸಾಕು. 'ಒಳ್ಳೆಯ ನಾಯಿ, ತುಂಬಾ ಮುದ್ದು' ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. 'ಇವತ್ತು ನಲವತ್ತು ನಿಮಿಷ ಒಂಟಿಯಾಗಿದ್ದಾಗ ಮೊದಲ ಹತ್ತು ನಿಮಿಷ ಬಾಗಿಲ ಬಳಿ ನಿಂತಿತ್ತು, ಆಮೇಲೆ ಮಲಗಿತು. ಸ್ಕೂಟರಿನ ಮೇಲೆ ಬಂದ ಹುಡುಗನನ್ನು ಕಂಡು ನನ್ನ ಹಿಂದೆ ಅಡಗಿತು' ಎಂಬ ಸಾಲಿನಿಂದ ಆ ನಾಯಿಗೆ ಗದ್ದಲವಿಲ್ಲದ ಮನೆ ಬೇಕೆಂಬುದು ತಿಳಿಯುತ್ತದೆ. ನಾಯಿಯ ಮೇಲಿನ ಅಕ್ಕರೆಯಿಂದ ದೋಷಗಳನ್ನು ಮುಚ್ಚಿಡಬೇಡಿ. ಊಟದ ಬಟ್ಟಲಿನ ಬಳಿ ಗುರುಗುಟ್ಟಿದ್ದನ್ನು ಬರೆಯದೆ ಬಿಟ್ಟರೆ, ಅದು ಎರಡು ವರ್ಷದ ಮಗುವಿರುವ ಮನೆಗೆ ಹೋಗಬಹುದು.

ದತ್ತು ಪಡೆಯುವವರು ನೋಡಲು ಬಂದಾಗ ನಾಯಿಯನ್ನು ಅವರ ಮೇಲೆ ನೂಕದೆ, ಅವರನ್ನೇ ಕುಳ್ಳಿರಿಸಿ ನಾಯಿ ತಾನಾಗಿ ಬರುವವರೆಗೆ ಕಾಯಲು ಹೇಳಿ. ಅವರ ಜೊತೆ ಒಂದು ನಡಿಗೆ ಹೋಗಿ, ಲೀಷನ್ನು ಅವರ ಕೈಗೆ ಕೊಡಿ. ಕಳುಹಿಸುವ ದಿನ ಅದು ಮಲಗುತ್ತಿದ್ದ ಹೊದಿಕೆಯನ್ನು ಒಗೆಯದೆ ಜೊತೆಗೆ ಕೊಡಿ, ಪರಿಚಿತ ವಾಸನೆ ಹೊಸ ಮನೆಯ ಮೊದಲ ರಾತ್ರಿಗಳಲ್ಲಿ ನೆರವಾಗುತ್ತದೆ. ಊಟದ ಹೊತ್ತು, ಹೊರಗೆ ಕರೆದೊಯ್ಯುವ ಹೊತ್ತು, ನೀವು ಬಳಸುವ ಮಾತುಗಳು, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. 'ಬಾ', 'ಬೇಡ', 'ಹೋಗೋಣ' ಎಂದು ಕನ್ನಡದಲ್ಲೇ ಕಲಿಸಿದ್ದರೆ ಅವನ್ನು ಇಂಗ್ಲಿಷ್ ಲಿಪಿಯಲ್ಲಿ ಉಚ್ಚಾರದೊಂದಿಗೆ ಬರೆದುಕೊಡುವುದು ಅವಶ್ಯಕ. ಕಳುಹಿಸುವುದಕ್ಕೆ ಮುಂಚಿನ ಒಂದೆರಡು ವಾರ ಇಂಗ್ಲಿಷ್ ಮಾತನ್ನೂ ಜೊತೆಗೆ ಸೇರಿಸಿ ಹೇಳುತ್ತ ಬಂದರೆ ಇನ್ನೂ ಒಳ್ಳೆಯದು.

ಕಳುಹಿಸಲು ಮನಸ್ಸೇ ಬಾರದೆ ನೀವೇ ಇಟ್ಟುಕೊಳ್ಳಬೇಕೆನಿಸಿದರೆ, ಬೇರೆಯವರಿಗೆ ನಾಯಿಯನ್ನು ತೋರಿಸುವ ಮೊದಲೇ ಸಂಯೋಜಕರಿಗೆ ತಿಳಿಸಿ. ಅದು ತಪ್ಪಲ್ಲ, ಹಲವು ಮನೆಗಳಲ್ಲಿ ಹೀಗೆಯೇ ಆಗಿದೆ. ಆದರೆ ಇಟ್ಟುಕೊಂಡ ಮೇಲೆ ಮುಂದಿನ ಫಾಸ್ಟರ್ ನಾಯಿಗೆ ನಿಮ್ಮಲ್ಲಿ ಜಾಗ, ಸಮಯ ಮತ್ತು ಕಾರಿನಲ್ಲಿ ಸ್ಥಳ ಉಳಿಯುತ್ತದೆಯೇ ಎಂಬುದನ್ನು ಮನೆಯವರೆಲ್ಲ ಕುಳಿತು ಯೋಚಿಸಿ, ಅದರ ಉತ್ತರವನ್ನೂ ಸಂಸ್ಥೆಗೆ ಅದೇ ದಿನ ಹೇಳಿಬಿಡಿ. ಕೆನಲ್ಲಿನಲ್ಲಿ ಸರದಿ ಕಾಯುತ್ತಿರುವ ನಾಯಿಗೆ ಬೇರೆ ಮನೆ ಹುಡುಕಲು ಅವರಿಗೆ ಸಮಯ ಸಿಗುತ್ತದೆ.